ಹೆಲೆನ್ ಸಾಯರ್ ಹಾಗ್ ಮತ್ತು ಗೋಳಗುಚ್ಛಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಆಕಾಶ ವೀಕ್ಷಣೆಯ ರಾತ್ರಿಗಳಲ್ಲಿ, ಉಪನ್ಯಾಸಗಳ ನಂತರದ ಮಾತುಕತೆಯಲ್ಲಿ ಮತ್ತು ಓದುಗರ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು ಬರುತ್ತವೆ, ಲೆಕ್ಕ ಬೇಡುವಂಥವು ಕೊನೆಗೆ.

## ಮೊದಲ ಪರಿಚಯ

ಹೆಲೆನ್ ಸಾಯರ್ ಹಾಗ್ ಯಾರು? ಈ ಹೆಸರನ್ನು ನಾವು ಕೇಳಿಯೇ ಇಲ್ಲವಲ್ಲ?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್ ಎಂಬ ಊರಿನಲ್ಲಿ 1905ರ ಆಗಸ್ಟ್ 1ರಂದು ಹುಟ್ಟಿ, ವೃತ್ತಿಜೀವನದ ಬಹುಭಾಗವನ್ನು ಕೆನಡಾದಲ್ಲಿ ಕಳೆದು, 1993ರ ಜನವರಿ 28ರಂದು ಒಂಟಾರಿಯೊ ಪ್ರಾಂತ್ಯದ ರಿಚ್ಮಂಡ್ ಹಿಲ್‌ನಲ್ಲಿ ತೀರಿಕೊಂಡ ಖಗೋಳವಿಜ್ಞಾನಿ ಇವರು. ಗೋಳಾಕಾರದ ನಕ್ಷತ್ರಗುಚ್ಛಗಳು ಮತ್ತು ಅವುಗಳೊಳಗೆ ಕಾಂತಿ ಬದಲಿಸುತ್ತಿರುವ ಚರ ನಕ್ಷತ್ರಗಳು ಅವರ ಅಧ್ಯಯನದ ವಿಷಯ. ಸುಮಾರು 60 ವರ್ಷ ಅವರು ಈ ಒಂದೇ ವಿಷಯವನ್ನು ಬಿಡದೆ ಹಿಡಿದರು. ದೊಡ್ಡ ಸಿದ್ಧಾಂತವೊಂದಕ್ಕೆ ಹೆಸರು ಅಂಟಿಕೊಳ್ಳದಿರುವುದರಿಂದ ಪಠ್ಯಪುಸ್ತಕಗಳಲ್ಲಿ ಅವರು ಹೆಚ್ಚಾಗಿ ಕಾಣಿಸುವುದಿಲ್ಲ. ಆದರೆ ಗೋಳಗುಚ್ಛಗಳ ಚರ ನಕ್ಷತ್ರಗಳ ಬಗ್ಗೆ ಕೆಲಸ ಮಾಡುವ ಯಾರೂ ಅವರು ಮಾಡಿದ ಆ ನಕ್ಷತ್ರಗಳ ಪಟ್ಟಿಗಳನ್ನು ದಾಟಿ ಹೋಗಲಾರರು.

ಗೋಳಗುಚ್ಛ ಅಂದರೆ ಏನು? ನಮ್ಮ ಕೃತ್ತಿಕೆಯೂ ಅದೇನಾ?

ಅಲ್ಲ. ಕೃತ್ತಿಕೆ ಮುಕ್ತಗುಚ್ಛ. ಅದರಲ್ಲಿರುವ ನಕ್ಷತ್ರಗಳು ಸಾವಿರದ ಆಸುಪಾಸು, ವಯಸ್ಸು ಸುಮಾರು 10 ಕೋಟಿ ವರ್ಷ, ದೂರ ಸುಮಾರು 440 ಜ್ಯೋತಿರ್ವರ್ಷ. ಇಂಥ ಗುಚ್ಛಗಳು ಆಕಾಶಗಂಗೆಯ ತಟ್ಟೆಯಂಥ ಭಾಗದಲ್ಲೇ ಹುಟ್ಟಿ ಕಾಲಕ್ರಮದಲ್ಲಿ ಚದುರಿಹೋಗುತ್ತವೆ. ಗೋಳಗುಚ್ಛದ ಸ್ವಭಾವವೇ ಬೇರೆ: ಹತ್ತಾರು ಸಾವಿರದಿಂದ ಹಲವು ಲಕ್ಷದವರೆಗೆ ನಕ್ಷತ್ರಗಳು ತಮ್ಮ ಗುರುತ್ವದಿಂದಲೇ ಒಂದಕ್ಕೊಂದು ಬಿಗಿದುಕೊಂಡು ಚೆಂಡಿನ ಆಕಾರ ತಳೆದಿರುತ್ತವೆ, ಮಧ್ಯದಲ್ಲಿ ದಟ್ಟವಾಗಿ, ಅಂಚಿನಲ್ಲಿ ವಿರಳವಾಗಿ. ಅವುಗಳಲ್ಲಿ ಹೆಚ್ಚಿನವುಗಳ ವಯಸ್ಸು 1,000 ಕೋಟಿ ವರ್ಷವನ್ನು ಮೀರುತ್ತದೆ. ಆಕಾಶಗಂಗೆಯಲ್ಲಿ ಇಂಥವು 150ಕ್ಕಿಂತ ಹೆಚ್ಚು ಪತ್ತೆಯಾಗಿವೆ, ಮತ್ತು ಅವು ತಟ್ಟೆಯ ಮೇಲೂ ಕೆಳಗೂ ವಿಶಾಲವಾಗಿ ಹರಡಿಕೊಂಡಿವೆ.

ಅವರು ನೋಡಿದ ಗುಚ್ಛಗಳನ್ನು ಕರ್ನಾಟಕದಿಂದ ನೋಡಬಹುದಾ?

ನೋಡಬಹುದು, ಕೆಲವನ್ನಂತೂ ಕೆನಡಾಕ್ಕಿಂತ ಚೆನ್ನಾಗಿಯೇ ನೋಡಬಹುದು. ಜೂನ್, ಜುಲೈ ತಿಂಗಳ ರಾತ್ರಿ ಮೋಡವಿಲ್ಲದಿದ್ದರೆ ವೃಶ್ಚಿಕದ ಕೆಂಪು ಜ್ಯೇಷ್ಠಾ ನಕ್ಷತ್ರದ ಪಕ್ಕದಲ್ಲೇ, ಸ್ವಲ್ಪ ಪಶ್ಚಿಮಕ್ಕೆ, ಎಂ4 ಎಂಬ ಗೋಳಗುಚ್ಛ ಬೈನಾಕ್ಯುಲರ್‌ನಲ್ಲಿ ಮಸುಕು ಹತ್ತಿಯ ಉಂಡೆಯಂತೆ ಸಿಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಚಿತ್ರಾ ನಕ್ಷತ್ರ ತನ್ನ ಅತಿ ಎತ್ತರಕ್ಕೆ ಬಂದ ಹೊತ್ತಿಗೆ ಅದರ ನೇರ ಕೆಳಗೆ, ದಕ್ಷಿಣ ದಿಗಂತದ ಕಡೆ ಕಣ್ಣಿಳಿಸಿದರೆ ಒಮೇಗಾ ಸೆಂಟಾರಿ ಇದೆ. ಆಕಾಶಗಂಗೆಯ ಗೋಳಗುಚ್ಛಗಳಲ್ಲೆಲ್ಲ ಅತಿ ದೊಡ್ಡದು ಅದು, ಮತ್ತು ಊರ ದೀಪಗಳಿಂದ ದೂರವಿದ್ದರೆ ಬರಿಗಣ್ಣಿಗೇ ಮಂಜಿನ ಚುಕ್ಕೆಯಾಗಿ ಕಾಣುತ್ತದೆ. ಬೆಂಗಳೂರಿನ ಅಕ್ಷಾಂಶದಲ್ಲಿ ಅದು ದಿಗಂತದಿಂದ ಸುಮಾರು 30 ಡಿಗ್ರಿ ಎತ್ತರಕ್ಕೆ ಏರುತ್ತದೆ. ಹೆಲೆನ್ ಕೆಲಸ ಮಾಡುತ್ತಿದ್ದ ರಿಚ್ಮಂಡ್ ಹಿಲ್‌ನಲ್ಲಿ ಅದು ಹುಟ್ಟುವುದೇ ಇಲ್ಲ, ಸದಾ ದಿಗಂತದ ಕೆಳಗೇ ಇರುತ್ತದೆ. ಅವರ ಇಷ್ಟದ ಗುಚ್ಛಗಳಲ್ಲಿ ಅನೇಕವು ದಕ್ಷಿಣದ ಆಕಾಶದವು. 1939ರಲ್ಲಿ ಅವರು ಅರಿಜೋನಾದ ಸ್ಟೂವರ್ಡ್ ವೀಕ್ಷಣಾಲಯಕ್ಕೆ ಹೋಗಿ ಅವುಗಳ ಚಿತ್ರ ತೆಗೆದದ್ದು ಇದೇ ಕಾರಣಕ್ಕೆ.

ರಸಾಯನಶಾಸ್ತ್ರ ಓದುತ್ತಿದ್ದರಂತೆ, ಹಾಗಾದರೆ ನಕ್ಷತ್ರಗಳ ಕಡೆಗೆ ಬಂದದ್ದು ಹೇಗೆ?

1922ರಲ್ಲಿ ಅವರು ಮೌಂಟ್ ಹೋಲಿಯೋಕ್ ಎಂಬ ಮಹಿಳಾ ಕಾಲೇಜಿಗೆ ಸೇರಿದ್ದು ರಸಾಯನಶಾಸ್ತ್ರಕ್ಕೆಂದೇ. ಅಲ್ಲಿನ ಖಗೋಳ ಪ್ರಾಧ್ಯಾಪಕಿ ಆನ್ ಸೂವೆಲ್ ಯಂಗ್ ಅವರು 1925ರ ಜನವರಿ 24ರ ಖಗ್ರಾಸ ಸೂರ್ಯಗ್ರಹಣವನ್ನು ತೋರಿಸಲು ವಿದ್ಯಾರ್ಥಿನಿಯರನ್ನು ಕನೆಕ್ಟಿಕಟ್‌ಗೆ ಕರೆದೊಯ್ದರು. ಮೊಣಕಾಲು ಮುಚ್ಚುವಷ್ಟು ಹಿಮದಲ್ಲಿ ನಿಂತು ಪಾದಗಳು ಮರಗಟ್ಟಿದ್ದರೂ ಆ ದೃಶ್ಯವೇ ತನ್ನನ್ನು ಜೀವಮಾನವಿಡೀ ಖಗೋಳವಿಜ್ಞಾನಕ್ಕೆ ಕಟ್ಟಿಹಾಕಿತೆಂದು ಅವರು ಮುಂದೆ ಬರೆದರು. ಮರುವರ್ಷ ಹಾರ್ವರ್ಡ್ ವೀಕ್ಷಣಾಲಯದ ಆನಿ ಜಂಪ್ ಕ್ಯಾನನ್ ಆ ಕಾಲೇಜಿಗೆ ಬಂದರು. ಲಕ್ಷಾಂತರ ನಕ್ಷತ್ರಗಳ ರೋಹಿತಗಳನ್ನು (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಗಳನ್ನು) ವರ್ಗೀಕರಿಸಿದ್ದ ಆ ಹಿರಿಯರ ಭೇಟಿಯಿಂದ ಹೆಲೆನ್‌ಗೆ ಹಾರ್ವರ್ಡ್‌ನ ದಾರಿ ತೆರೆಯಿತು.

## ಬದುಕಿನ ಬಗ್ಗೆ

ಕೆಲಸ ಹಾರ್ವರ್ಡ್‌ನಲ್ಲಿ, ಡಾಕ್ಟರೇಟ್ ಮಾತ್ರ ಬೇರೆ ಕಾಲೇಜಿನಿಂದ. ಯಾಕೆ ಹೀಗೆ?

ಆ ಕಾಲದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ವಿಜ್ಞಾನದ ಉನ್ನತ ಪದವಿಗಳನ್ನು ಮಹಿಳೆಯರಿಗೆ ಕೊಡುತ್ತಿರಲಿಲ್ಲ. ಸಂಶೋಧನೆ ಹಾರ್ವರ್ಡ್ ವೀಕ್ಷಣಾಲಯದಲ್ಲಿ, ಅದರ ನಿರ್ದೇಶಕ ಹಾರ್ಲೋ ಶಾಪ್ಲಿಯವರ ಮಾರ್ಗದರ್ಶನದಲ್ಲೇ ನಡೆದರೂ ಪದವಿಪತ್ರ ಬಂದದ್ದು ಅದರ ಸೋದರಸಂಸ್ಥೆಯಾದ ರ‍್ಯಾಡ್‌ಕ್ಲಿಫ್ ಮಹಿಳಾ ಕಾಲೇಜಿನಿಂದ: 1928ರಲ್ಲಿ ಸ್ನಾತಕೋತ್ತರ, 1931ರಲ್ಲಿ ಡಾಕ್ಟರೇಟ್.

ಸಂಬಳವಿಲ್ಲದೆ ದುಡಿದರು, ಮಗುವನ್ನು ಬುಟ್ಟಿಯಲ್ಲಿಟ್ಟುಕೊಂಡು ದೂರದರ್ಶಕದ ಹತ್ತಿರ ಕೂರುತ್ತಿದ್ದರು ಎನ್ನುತ್ತಾರೆ. ಇದು ಕಟ್ಟುಕಥೆಯಲ್ಲವೇ?

ಕಟ್ಟುಕಥೆಯಲ್ಲ. 1930ರಲ್ಲಿ ಅವರು ಸಹಪಾಠಿ ಫ್ರ್ಯಾಂಕ್ ಹಾಗ್ ಅವರನ್ನು ಮದುವೆಯಾದರು. ಮರುವರ್ಷ ಫ್ರ್ಯಾಂಕ್ ಅವರಿಗೆ ಕೆನಡಾದ ಪಶ್ಚಿಮ ತೀರದ ವಿಕ್ಟೋರಿಯಾದಲ್ಲಿರುವ ಡೊಮಿನಿಯನ್ ಖಭೌತ ವೀಕ್ಷಣಾಲಯದಲ್ಲಿ ಕೆಲಸ ಸಿಕ್ಕಿತು. ಅವರಷ್ಟೇ ಓದಿದ್ದ ಹೆಲೆನ್‌ಗೆ ಹುದ್ದೆಯಿರಲಿಲ್ಲ. ಆರ್ಥಿಕ ಮಹಾಕುಸಿತದ ಆ ದಿನಗಳಲ್ಲಿ ಒಂದೇ ಮನೆಯ ಇಬ್ಬರಿಗೆ ಸಂಬಳ ಕೊಡುವುದನ್ನು ಸಂಸ್ಥೆಗಳು ಯೋಚಿಸುತ್ತಲೂ ಇರಲಿಲ್ಲ. ಪತಿಯ ಸಹಾಯಕಿ ಎಂಬ ನೆಲೆಯಲ್ಲಿ ಅವರು 72 ಅಂಗುಲದ ದೂರದರ್ಶಕವನ್ನು ಬಳಸಿ ತಮ್ಮದೇ ಸಂಶೋಧನೆ ಆರಂಭಿಸಿದರು. 1932ರಲ್ಲಿ ಹುಟ್ಟಿದ ಮಗಳು ಸ್ಯಾಲಿ ರಾತ್ರಿ ವೀಕ್ಷಣಾಲಯದ ಗುಮ್ಮಟದೊಳಗೇ ಬುಟ್ಟಿಯಲ್ಲಿ ಮಲಗುತ್ತಿದ್ದಳು. ಮುಂದೆ ಸಿಕ್ಕ 200 ಡಾಲರ್ ಅನುದಾನದಿಂದ ಒಂದು ವರ್ಷ ಮನೆಗೆಲಸದವರೊಬ್ಬರನ್ನು ಇಟ್ಟುಕೊಳ್ಳಲು ಸಾಧ್ಯವಾಯಿತು. ಈ ಪ್ರಸಂಗವನ್ನು ತಾಯ್ತನದ ಹೃದಯಸ್ಪರ್ಶಿ ಕಥೆಯಾಗಿ ಹೇಳುವುದು ರೂಢಿ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬೇರೆ: ಡಾಕ್ಟರೇಟ್ ಪಡೆದ ವಿಜ್ಞಾನಿಯೊಬ್ಬರು ತಮ್ಮ ಅತ್ಯುತ್ತಮ ವರ್ಷಗಳ ದುಡಿಮೆಯನ್ನು ಸಂಬಳವಿಲ್ಲದೆ ಕೊಡಬೇಕಾಯಿತು, ಮತ್ತು ಮುಂದಿನ ಪಟ್ಟಿಗಳಿಗೆ ಬುನಾದಿಯಾದ ಚಿತ್ರಗಳು ತೆಗೆದದ್ದು ಆ ವರ್ಷಗಳಲ್ಲಿ.

ಟೊರಾಂಟೊಗೆ ಬಂದ ಮೇಲಾದರೂ ಸರಿಯಾದ ಹುದ್ದೆ ಸಿಕ್ಕಿತೇ?

ಸಿಕ್ಕಿತು, ನಿಧಾನವಾಗಿ. 1935ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಡನ್‌ಲ್ಯಾಪ್ ವೀಕ್ಷಣಾಲಯ ರಿಚ್ಮಂಡ್ ಹಿಲ್‌ನಲ್ಲಿ ಆರಂಭವಾದಾಗ ಅದರ 74 ಅಂಗುಲದ ದೂರದರ್ಶಕ ಜಗತ್ತಿನಲ್ಲೇ ಎರಡನೆಯ ದೊಡ್ಡದಾಗಿತ್ತು. ಫ್ರ್ಯಾಂಕ್ ಅಲ್ಲಿಗೆ ವರ್ಗವಾದರು. ಹೆಲೆನ್‌ಗೆ 1936ರಲ್ಲಿ ಸಹಾಯಕಿಯ ಹುದ್ದೆ ದೊರೆಯಿತು. ಯುದ್ಧದ ವರ್ಷಗಳಲ್ಲಿ ಗಂಡಸರು ಸೇನೆಗೆ ಹೋದಾಗ ಪಾಠ ಹೇಳುವ ಹೊಣೆಯೂ ಬಂತು. 1951ರ ಹೊಸವರ್ಷದ ದಿನ ಫ್ರ್ಯಾಂಕ್ ಹೃದಯಾಘಾತದಿಂದ ತೀರಿಕೊಂಡರು. ಮೂವರು ಮಕ್ಕಳ ಹೊಣೆ ಹೊತ್ತಿದ್ದ ಹೆಲೆನ್ ಅದೇ ವರ್ಷ ಸಹಾಯಕ ಪ್ರಾಧ್ಯಾಪಕಿಯಾದರು, 1957ರಲ್ಲಿ ಪ್ರಾಧ್ಯಾಪಕಿಯಾದರು. 1950ರ ಆಸುಪಾಸಿನಿಂದ ಗೌರವಗಳು ಸಾಲಾಗಿ ಬಂದವು. ಕೆನಡಾದ ರಾಯಲ್ ಖಗೋಳ ಸಂಘದ ಅಧ್ಯಕ್ಷತೆ, 1971ರಲ್ಲಿ ಹುಟ್ಟಿದ ಕೆನಡಾದ ಖಗೋಳವಿಜ್ಞಾನಿಗಳ ಸಂಘದ ಮೊದಲ ಅಧ್ಯಕ್ಷತೆ, 1976ರಲ್ಲಿ ಆರ್ಡರ್ ಆಫ್ ಕೆನಡಾ ಎಂಬ ನಾಗರಿಕ ಗೌರವದ ಅತ್ಯುನ್ನತ ದರ್ಜೆ, ಇವು ಅವುಗಳಲ್ಲಿ ಕೆಲವು. 2917ನೆಯ ಕ್ಷುದ್ರಗ್ರಹಕ್ಕೆ ಸಾಯರ್ ಹಾಗ್ ಎಂದೇ ಹೆಸರು.

ಜನಸಾಮಾನ್ಯರಿಗಾಗಿ ಬರೆದದ್ದು ಏನಾದರೂ ಇದೆಯೇ?

ಇದೆ, ಮತ್ತು ಕೆನಡಾದ ಜನ ಅವರನ್ನು ಹೆಚ್ಚಾಗಿ ಬಲ್ಲದ್ದು ಅದರಿಂದಲೇ. ಟೊರಾಂಟೊದ ದಿನಪತ್ರಿಕೆಯೊಂದರಲ್ಲಿ ಪತಿ ಬರೆಯುತ್ತಿದ್ದ ಆಕಾಶದ ಅಂಕಣವನ್ನು 1951ರಲ್ಲಿ ತಾವು ವಹಿಸಿಕೊಂಡು 1981ರವರೆಗೆ, ಮೂವತ್ತು ವರ್ಷ, ವಾರವಾರವೂ ನಡೆಸಿದರು. 1976ರಲ್ಲಿ ಅವರ ಪುಸ್ತಕವೊಂದು ಹೊರಬಂತು. ನಕ್ಷತ್ರಗಳು ಎಲ್ಲರಿಗೂ ಸೇರಿದವು ಎಂಬುದೇ ಅದರ ಶೀರ್ಷಿಕೆಯ ಅರ್ಥ. ನಾಲ್ಕರ ಎಳೆವಯಸ್ಸಿನಲ್ಲಿ 1910ರ ಹ್ಯಾಲಿ ಧೂಮಕೇತುವನ್ನು ಕಂಡಿದ್ದ ಅವರು 1986ರಲ್ಲಿ ಅದು ಮರಳಿ ಬಂದಾಗಲೂ ಕಂಡರು.

ಭಾರತಕ್ಕೂ ಅವರಿಗೂ ಏನಾದರೂ ಸಂಬಂಧವಿದೆಯೇ?

ಒಂದು ಸಣ್ಣ, ಆದರೆ ನನಗೆ ಬಹಳ ಪ್ರಿಯವಾದ ಸಂಬಂಧವಿದೆ. ಹಳೆಯ ಖಗೋಳ ಗ್ರಂಥಗಳನ್ನು ಓದಿ ಅವುಗಳ ಸಾರವನ್ನು ಕೆನಡಾದ ಖಗೋಳ ಸಂಘದ ಪತ್ರಿಕೆಯಲ್ಲಿ ಬರೆಯುವುದು ಅವರ ಇನ್ನೊಂದು ಹವ್ಯಾಸ. ಆ ಸರಣಿಯಲ್ಲಿ 1951ರಲ್ಲಿ ಅವರು ಫ್ರೆಂಚ್ ಖಗೋಳಜ್ಞ ಲೆ ಜಾಂತಿಯ ಕಥೆಯನ್ನು ವಿವರವಾಗಿ ಬರೆದರು. 1761ರ ಶುಕ್ರ ಸಂಕ್ರಮಣವನ್ನು, ಅಂದರೆ ಶುಕ್ರಗ್ರಹ ಸೂರ್ಯಬಿಂಬದ ಮೇಲೆ ಹಾದುಹೋಗುವುದನ್ನು, ಪುದುಚೇರಿಯಿಂದ ಅಳೆಯಲು ಹೊರಟ ಆತ ತಲುಪುವ ಮೊದಲೇ ಊರು ಬ್ರಿಟಿಷರ ವಶವಾಗಿದ್ದರಿಂದ, ಸಂಕ್ರಮಣದ ದಿನ ತೂಗುವ ಹಡಗಿನ ಮೇಲೆಯೇ ಉಳಿಯಬೇಕಾಯಿತು. ಎಂಟು ವರ್ಷದ ನಂತರದ ಸಂಕ್ರಮಣಕ್ಕಾಗಿ ಅವನು ಈ ಕಡೆಯ ಸಮುದ್ರಗಳಲ್ಲೇ ಕಾದು, ಫ್ರೆಂಚರಿಗೆ ಮರಳಿ ಸಿಕ್ಕ ಪುದುಚೇರಿಗೆ 1768ರಲ್ಲಿ ಬಂದು ವೀಕ್ಷಣಾಲಯ ಕಟ್ಟಿಕೊಂಡ, ತಮಿಳು ಜ್ಯೋತಿಷಿಗಳ ಗ್ರಹಣ ಲೆಕ್ಕವನ್ನೂ ಕಲಿತ. 1769ರ ಜೂನ್‌ನ ಆ ಬೆಳಿಗ್ಗೆ ಮೋಡ ಕವಿದು ಏನೂ ಕಾಣಲಿಲ್ಲ. 1771ರಲ್ಲಿ ಫ್ರಾನ್ಸಿಗೆ ಮರಳಿದಾಗ ಅವನು ಸತ್ತನೆಂದು ಭಾವಿಸಿ ಅಲ್ಲಿನ ವಿಜ್ಞಾನ ಅಕಾಡೆಮಿಯಲ್ಲಿದ್ದ ಅವನ ಸ್ಥಾನವನ್ನು ಬೇರೆಯವರಿಗೆ ಕೊಟ್ಟಿದ್ದರು. ಈ ಕಥೆಯನ್ನು ಇಂಗ್ಲಿಷ್ ಓದುಗರು ಇಂದು ಬಲ್ಲರೆಂದರೆ ಅದರಲ್ಲಿ ಹೆಲೆನ್ ಅವರ ಬರಹದ ಪಾಲು ದೊಡ್ಡದು. ಮೋಡ ಕವಿದ ರಾತ್ರಿಗಳನ್ನು ಲೆಕ್ಕವಿಲ್ಲದಷ್ಟು ಕಂಡಿದ್ದವರು ಅದನ್ನು ಬರೆದರು ಎಂಬುದು ಆ ಲೇಖನ ಓದುವಾಗ ತಿಳಿಯುತ್ತದೆ.

## ಅವರು ಮಾಡಿದ ಕೆಲಸ

ಕಾಂತಿ ಬದಲಾಗುವ ನಕ್ಷತ್ರ ಸಿಕ್ಕರೆ ಗುಚ್ಛದ ದೂರ ಹೇಗೆ ಗೊತ್ತಾಗುತ್ತದೆ?

ದೂರದಲ್ಲಿ ಕಾಣುವ ದೀಪ ಎಷ್ಟು ವ್ಯಾಟ್‌ನದೆಂದು ತಿಳಿದಿದ್ದರೆ ಅದು ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದ ದೂರವನ್ನು ಲೆಕ್ಕ ಹಾಕಬಹುದು. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಗೋಳಗುಚ್ಛಗಳಲ್ಲಿ ಇಂಥ ದೀಪದ ಕೆಲಸ ಮಾಡುವವು ಆರ್‌ಆರ್ ಲೈರೇ ಜಾತಿಯ ನಕ್ಷತ್ರಗಳು. ಮುಪ್ಪಿನ ಹಂತದಲ್ಲಿ ಅವುಗಳ ಹೊರಪದರ ಉಬ್ಬುತ್ತ ಕುಗ್ಗುತ್ತ ಮಿಡಿಯುವುದರಿಂದ ಕಾಂತಿ ಏರಿಳಿಯುತ್ತದೆ. ಒಂದು ಮಿಡಿತಕ್ಕೆ ಹಿಡಿಯುವ ಕಾಲ ಸುಮಾರು 5 ಗಂಟೆಯಿಂದ ಒಂದು ದಿನದೊಳಗೆ ಇರುತ್ತದೆ. ಈ ಜಾತಿಯ ಎಲ್ಲ ನಕ್ಷತ್ರಗಳ ನಿಜವಾದ ಪ್ರಕಾಶ ಹೆಚ್ಚುಕಡಿಮೆ ಒಂದೇ, ಸೂರ್ಯನ ನಲವತ್ತೈವತ್ತು ಪಟ್ಟು. ಗುಚ್ಛದಲ್ಲಿ ಇಂಥ ಒಂದನ್ನು ಗುರುತಿಸಿ ಅದರ ಕಾಣುವ ಕಾಂತಿಯನ್ನು ಅಳೆದರೆ ಗುಚ್ಛದ ದೂರವೇ ಕೈಗೆ ಸಿಕ್ಕಂತೆ.

ಒಂದು ನಕ್ಷತ್ರದ ಕಾಂತಿ ಬದಲಾಗುವುದನ್ನು ನೋಡಲು ಎರಡು ರಾತ್ರಿ ಸಾಲದೇ? ದಶಕಗಟ್ಟಲೆ ಚಿತ್ರ ತೆಗೆದದ್ದು ಯಾಕೆ?

ಬದಲಾಗುತ್ತಿದೆ ಎಂದು ತಿಳಿಯಲು ಎರಡು ಗಾಜಿನ ಛಾಯಾಫಲಕಗಳು ಸಾಕಾಗಬಹುದು. ಎಷ್ಟು ಹೊತ್ತಿಗೊಮ್ಮೆ ಎಂದು ತಿಳಿಯುವುದು ಕಷ್ಟ.

ಒಂದು ಉದಾಹರಣೆ ನೋಡೋಣ. ಒಂದು ನಕ್ಷತ್ರದ ಮಿಡಿತದ ಅವಧಿ 0.60 ದಿನ ಎಂದಿಟ್ಟುಕೊಳ್ಳಿ. ನೀವು ಪ್ರತಿ ರಾತ್ರಿ ಸರಿಯಾಗಿ 10 ಗಂಟೆಗೆ ಒಂದೊಂದು ಚಿತ್ರ ತೆಗೆಯುತ್ತೀರಿ. ಮೊದಲ ರಾತ್ರಿ ಅದು ಅತಿ ಪ್ರಕಾಶಮಾನವಾಗಿದ್ದರೆ, ಒಂದು ದಿನದ ನಂತರ ಒಂದು ಪೂರ್ತಿ ಮಿಡಿತ ಕಳೆದು ಎರಡನೆಯದರ ಮೂರನೇ ಎರಡು ಭಾಗದಲ್ಲಿರುತ್ತದೆ, ಮರುದಿನ ಮೂರನೇ ಒಂದು ಭಾಗದಲ್ಲಿ, ಮೂರನೆಯ ದಿನ ಮತ್ತೆ ಆರಂಭದಲ್ಲಿ. ಈಗ ಅವಧಿ 1.5 ದಿನವಿರುವ ಬೇರೊಂದು ನಕ್ಷತ್ರವನ್ನು ಇದೇ ಕ್ರಮದಲ್ಲಿ ಲೆಕ್ಕ ಹಾಕಿ: ಮೂರನೇ ಎರಡು, ಮೂರನೇ ಒಂದು, ಆರಂಭ. ಎರಡೂ ಅಕ್ಷರಶಃ ಒಂದೇ ರೀತಿ ಕಾಣುತ್ತವೆ. ರಾತ್ರಿ ಮಾತ್ರ ನೋಡಬಲ್ಲ ವೀಕ್ಷಕರಿಗೆ ಇದು ತಪ್ಪದ ಬಲೆ. ಅದರಿಂದ ಪಾರಾಗಬೇಕಾದರೆ ಒಂದೇ ರಾತ್ರಿಯಲ್ಲಿ ಸಂಜೆಯಿಂದ ಬೆಳಗಿನವರೆಗೆ ಹಲವು ಚಿತ್ರ ತೆಗೆಯಬೇಕು, ಬೇರೆ ಬೇರೆ ತಿಂಗಳುಗಳಲ್ಲಿ ಅದನ್ನೇ ಮರಳಿ ಮಾಡಬೇಕು.

ವರ್ಷಗಳು ಕಳೆದಷ್ಟೂ ಅವಧಿಯ ಲೆಕ್ಕ ಹರಿತವಾಗುತ್ತದೆ. ಅದೇ 0.60 ದಿನದ ಅವಧಿಯನ್ನು ಒಂದು ಸೆಕೆಂಡ್ ತಪ್ಪಾಗಿ ಅಂದಾಜಿಸಿದರೆ ಒಂದು ವರ್ಷದ ಸುಮಾರು 600 ಮಿಡಿತಗಳಲ್ಲಿ ತಪ್ಪು 10 ನಿಮಿಷವಷ್ಟೇ ಆಗುತ್ತದೆ. ಇಪ್ಪತ್ತು ವರ್ಷದಲ್ಲಿ ಅದೇ ತಪ್ಪು 3 ಗಂಟೆ ದಾಟಿ, ಎದ್ದು ಕಾಣುತ್ತದೆ. ಹೆಲೆನ್ ತಮ್ಮ ಜೀವಮಾನದಲ್ಲಿ ಗೋಳಗುಚ್ಛಗಳ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದದ್ದರ ಅರ್ಥ ಇದು. ಅದೇ ಗುಚ್ಛಕ್ಕೆ ಮತ್ತೆ ಮರಳುವುದೇ ಅವರ ವಿಧಾನವಾಗಿತ್ತು.

ಶಾಪ್ಲಿ–ಸಾಯರ್ ವರ್ಗ ಎಂದು ಪುಸ್ತಕಗಳಲ್ಲಿ ರೋಮನ್ ಅಂಕಿ ಕೊಟ್ಟಿರುತ್ತಾರೆ. ಅದು ಏನನ್ನು ಹೇಳುತ್ತದೆ?

ಗುಚ್ಛದ ನಡುಭಾಗ ಎಷ್ಟು ದಟ್ಟವಾಗಿದೆ ಎಂಬುದನ್ನು. 1927ರಲ್ಲಿ, ಹೆಲೆನ್ ಇನ್ನೂ ವಿದ್ಯಾರ್ಥಿನಿಯಾಗಿದ್ದಾಗ, ಶಾಪ್ಲಿ ಮತ್ತು ಅವರು ಸೇರಿ ಗೋಳಗುಚ್ಛಗಳನ್ನು ಹನ್ನೆರಡು ವರ್ಗಗಳಾಗಿ ವಿಂಗಡಿಸಿದರು. ಒಂದನೆಯ ವರ್ಗದವು ಅತಿ ದಟ್ಟ, ಹನ್ನೆರಡನೆಯದು ಅತಿ ಸಡಿಲ. ಹರ್ಕ್ಯುಲಿಸ್ ನಕ್ಷತ್ರಪುಂಜದ ಪ್ರಸಿದ್ಧ ಎಂ13 ಐದನೆಯ ವರ್ಗಕ್ಕೂ, ಜ್ಯೇಷ್ಠಾದ ಪಕ್ಕದ ಎಂ4 ಒಂಬತ್ತನೆಯದಕ್ಕೂ ಸೇರುತ್ತವೆ. ಇಂದು ಸಾಂದ್ರತೆಯನ್ನು ನೇರವಾಗಿ ಅಳೆಯುವುದರಿಂದ ಸಂಶೋಧಕರಿಗೆ ಇದರ ಅಗತ್ಯ ಕಡಿಮೆಯಾಗಿದೆ. ಹವ್ಯಾಸಿ ವೀಕ್ಷಕರು ಮಾತ್ರ ಈಗಲೂ ಇದನ್ನೇ ಬಳಸುತ್ತಾರೆ, ಕಣ್ಣಿಗೆ ಕಾಣುವುದಕ್ಕೆ ಅದು ಚೆನ್ನಾಗಿ ಹೊಂದುತ್ತದೆ.

ಗುಚ್ಛಗಳಿಂದ ಆಕಾಶಗಂಗೆಯ ಗಾತ್ರ ಅಳೆದ ಶಾಪ್ಲಿಯವರ ಲೆಕ್ಕವೇ ತಪ್ಪಾಗಿತ್ತಲ್ಲ?

ಗಾತ್ರ ತಪ್ಪಾಗಿತ್ತು, ದಿಕ್ಕು ಸರಿಯಾಗಿತ್ತು. ಗೋಳಗುಚ್ಛಗಳು ಆಕಾಶದಲ್ಲಿ ಸಮನಾಗಿ ಹರಡದೆ ಧನು ರಾಶಿಯ ಕಡೆ ಗುಂಪಾಗಿರುವುದನ್ನು ಗಮನಿಸಿ, ಆಕಾಶಗಂಗೆಯ ಕೇಂದ್ರ ಅಲ್ಲಿದೆ, ಸೂರ್ಯ ಕೇಂದ್ರದಿಂದ ಬಹುದೂರದಲ್ಲಿದ್ದಾನೆ ಎಂದು ಶಾಪ್ಲಿ 1918ರ ವೇಳೆಗೆ ತೋರಿಸಿದರು. ಆದರೆ ಅವರು ಆಕಾಶಗಂಗೆಯ ವ್ಯಾಸವನ್ನು 3 ಲಕ್ಷ ಜ್ಯೋತಿರ್ವರ್ಷವೆಂದರು. ಇಂದಿನ ಅಂದಾಜು ಸುಮಾರು 1 ಲಕ್ಷ, ಮತ್ತು ಸೂರ್ಯನಿಂದ ಕೇಂದ್ರಕ್ಕೆ ಸುಮಾರು 26,000 ಜ್ಯೋತಿರ್ವರ್ಷ. ತಪ್ಪಿಗೆ ಮುಖ್ಯವಾಗಿ ಎರಡು ಕಾರಣಗಳಿದ್ದವು. ನಕ್ಷತ್ರಗಳ ನಡುವೆ ಇರುವ ಧೂಳು ಬೆಳಕನ್ನು ನುಂಗಿ ಗುಚ್ಛಗಳು ಇರುವುದಕ್ಕಿಂತ ದೂರದಲ್ಲಿರುವಂತೆ ತೋರಿಸುತ್ತಿತ್ತು. ಇದನ್ನು 1930ರಲ್ಲಿ ಲಿಕ್ ವೀಕ್ಷಣಾಲಯದ ರಾಬರ್ಟ್ ಟ್ರಂಪ್ಲರ್ ಮುಕ್ತಗುಚ್ಛಗಳನ್ನು ಅಳೆದು ಸಾಬೀತುಪಡಿಸಿದರು. ಎರಡನೆಯದಾಗಿ, ಸೆಫೀಡ್ ಎಂಬ ಎಳೆಯ ಮಿಡಿಯುವ ನಕ್ಷತ್ರಗಳ ಅಳತೆಗೋಲನ್ನು ಗುಚ್ಛಗಳಲ್ಲಿನ ಮುದಿ ನಕ್ಷತ್ರಗಳಿಗೂ ಹಿಡಿದಿದ್ದರು. ಅವು ಎರಡು ಬೇರೆ ಜಾತಿಗಳೆಂದು 1940ರ ದಶಕದಲ್ಲಿ ವಾಲ್ಟರ್ ಬಾಡೆಯವರ ಕೆಲಸದಿಂದ ತಿಳಿಯಿತು. ಇಂಥ ತಿದ್ದುಪಡಿ ಬಂದಾಗಲೆಲ್ಲ ಪ್ರತಿ ಗುಚ್ಛದ ಚರ ನಕ್ಷತ್ರಗಳ ನಂಬಿಕಸ್ತ ಅಳತೆ ಬೇಕಾಗುತ್ತಿತ್ತು, ಅದು ಸಿಗುತ್ತಿದ್ದದ್ದು ಹೆಲೆನ್ ಅವರ ಪಟ್ಟಿಗಳಲ್ಲಿ.

## ಆಳಕ್ಕಿಳಿಯುವವರಿಗೆ

ಬೇರೆಯವರು ಕಂಡದ್ದನ್ನೂ ಸೇರಿಸಿ ಪಟ್ಟಿ ಮಾಡುವುದು ಗುಮಾಸ್ತಗಿರಿ ಅಲ್ಲವೇ? ಅದನ್ನು ಸಂಶೋಧನೆ ಎನ್ನುವುದು ಹೇಗೆ?

ಈ ಪ್ರಶ್ನೆಯನ್ನು ಕೇಳಿದಾಗಲೆಲ್ಲ ನನಗೆ ಸ್ವಲ್ಪ ನೋವಾಗುತ್ತದೆ. ಹೆಲೆನ್ ಅವರ ಮೊದಲ ಪಟ್ಟಿ 1939ರಲ್ಲಿ ಬಂತು, ಅದರಲ್ಲಿ 1,116 ಚರ ನಕ್ಷತ್ರಗಳಿದ್ದವು. 1955ರ ಎರಡನೆಯದರಲ್ಲಿ 1,421, 1973ರ ಮೂರನೆಯದರಲ್ಲಿ 2,119. ಅವುಗಳಲ್ಲಿನ ಒಂದೊಂದು ಸಾಲಿನ ಹಿಂದೆಯೂ ತೀರ್ಮಾನಗಳಿವೆ. ಬೇರೆ ಬೇರೆ ದೇಶದವರು ಬೇರೆ ಬೇರೆ ಸಂಖ್ಯೆ ಕೊಟ್ಟ ಎರಡು ನಕ್ಷತ್ರಗಳು ಒಂದೇ ಆಗಿರಬಹುದು. ಗುಚ್ಛದ ಮುಂದೆ ಅಡ್ಡಬಂದ, ಅದಕ್ಕೆ ಸೇರದ ನಕ್ಷತ್ರ ಯಾವುದೋ ಇರಬಹುದು. ಚಿತ್ರದಲ್ಲಿ ಎರಡು ನಕ್ಷತ್ರಗಳು ಒಂದಕ್ಕೊಂದು ಅಂಟಿ ಕಾಂತಿ ಬದಲಾದಂತೆ ತೋರಿದ್ದಿರಬಹುದು. ಪ್ರಕಟವಾದ ಅವಧಿ ಮೇಲೆ ವಿವರಿಸಿದಂಥ ಬಲೆಗೆ ಬಿದ್ದದ್ದಾಗಿರಬಹುದು. ಇವನ್ನೆಲ್ಲ ತೂಗಿ ನೋಡಲು ಅದೇ ಗುಚ್ಛವನ್ನು ಸ್ವತಃ ಅಳೆದ ಅನುಭವವೇ ಬೇಕು. 1947ರಲ್ಲಿ ಅವರು ಒಂದೊಂದು ಗುಚ್ಛದ ಬಗ್ಗೆಯೂ ಪ್ರಕಟವಾದ ಬರಹಗಳೆಲ್ಲವನ್ನೂ ಸಂಗ್ರಹಿಸಿದ ಗ್ರಂಥಸೂಚಿಯನ್ನೂ ತಂದರು. ನಾಲ್ಕನೆಯ ಪಟ್ಟಿಯ ಸಿದ್ಧತೆಯಲ್ಲಿದ್ದಾಗಲೇ ಅವರು ತೀರಿಕೊಂಡರು. ಟೊರಾಂಟೊದ ಕ್ರಿಸ್ಟೀನ್ ಕ್ಲೆಮೆಂಟ್ ಅದನ್ನು ಮುಂದುವರಿಸಿ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವಂತೆ ಮಾಡಿದರು.

ಊಸ್ಟರ್‌ಹಾಫ್ ಗುಂಪುಗಳು ಅಂದರೆ ಏನು? ಅದರಲ್ಲಿ ಇವರ ಪಾತ್ರವೇನು?

1939ರಲ್ಲಿ ನೆದರ್ಲೆಂಡ್ಸ್‌ನ ಪೀಟರ್ ಊಸ್ಟರ್‌ಹಾಫ್ ಐದು ಗೋಳಗುಚ್ಛಗಳ ಆರ್‌ಆರ್ ಲೈರೇ ನಕ್ಷತ್ರಗಳನ್ನು ಹೋಲಿಸಿ, ಗುಚ್ಛಗಳು ಎರಡು ಗುಂಪುಗಳಾಗಿ ಒಡೆಯುತ್ತವೆ ಎಂದು ಕಂಡರು. ದೊಡ್ಡ ಏರಿಳಿತ ತೋರುವ ಬಗೆಯ ನಕ್ಷತ್ರಗಳ ಸರಾಸರಿ ಅವಧಿ ಒಂದು ಗುಂಪಿನಲ್ಲಿ ಸುಮಾರು 0.55 ದಿನ, ಇನ್ನೊಂದರಲ್ಲಿ ಸುಮಾರು 0.65 ದಿನ, ನಡುವೆ ಬಹುಮಟ್ಟಿಗೆ ಖಾಲಿ. ಐದೇ ಗುಚ್ಛಗಳಿಂದ ಇಂಥ ಮಾತು ಹೇಳುವುದು ಧೈರ್ಯದ ಕೆಲಸ. 1944ರಲ್ಲಿ ಹೆಲೆನ್ ಇನ್ನೂ ಹೆಚ್ಚಿನ ಗುಚ್ಛಗಳ ಅವಧಿಗಳನ್ನು ಇಟ್ಟು ನೋಡಿದಾಗಲೂ ಆ ಒಡಕು ಉಳಿಯಿತು. ದೀರ್ಘ ಅವಧಿಯ ಗುಂಪಿನ ಗುಚ್ಛಗಳಲ್ಲಿ ಹೀಲಿಯಂಗಿಂತ ಭಾರವಾದ ಧಾತುಗಳು ಇನ್ನೂ ಕಡಿಮೆ ಎಂಬುದು ಆಮೇಲೆ ಸ್ಪಷ್ಟವಾಯಿತು. ಆಕಾಶಗಂಗೆ ಹೇಗೆ ಕೂಡಿಕೊಂಡು ಬೆಳೆಯಿತು ಎಂಬ ಚರ್ಚೆಯಲ್ಲಿ ಈ ಒಡಕು ಇಂದಿಗೂ ಒಂದು ಸುಳಿವು.

ಈಗ ಉಪಗ್ರಹಗಳಿರುವಾಗ ಗೋಳಗುಚ್ಛಗಳಲ್ಲಿ ನೋಡಲು ಇನ್ನೇನು ಉಳಿದಿದೆ?

ಬಹಳಷ್ಟಿದೆ. ಹೆಲೆನ್ ಅವರ ಛಾಯಾಫಲಕಗಳಲ್ಲಿ ಗುಚ್ಛಗಳ ನಡುಭಾಗ ನಕ್ಷತ್ರಗಳ ಕಿಕ್ಕಿರಿತದಿಂದ ಬರೀ ಕಪ್ಪು ಕಲೆಯಾಗಿ ಉಳಿಯುತ್ತಿತ್ತು (ಫಲಕದಲ್ಲಿ ಬೆಳಕು ಕಪ್ಪಾಗಿ ಮೂಡುತ್ತದೆ). ಈಗ ಆ ನಡುಭಾಗವನ್ನೂ ನೇರಳಾತೀತ ಬೆಳಕಿನಲ್ಲಿ ಬಿಡಿಸಿ ನೋಡಬಹುದು. ಆ ಬೆಳಕಿನಲ್ಲಿ ಕೆಂಪು ದೈತ್ಯಗಳು, ಅಂದರೆ ಉಬ್ಬಿ ತಂಪಾದ ಮುದಿ ನಕ್ಷತ್ರಗಳು, ಮಂಕಾಗಿ, ಬಿಸಿ ನಕ್ಷತ್ರಗಳು ಮಾತ್ರ ಎದ್ದುಕಾಣುತ್ತವೆ. 2015ರಲ್ಲಿ ಹಾರಿದ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಇದಕ್ಕೆ ತಕ್ಕ ನೇರಳಾತೀತ ದೂರದರ್ಶಕವಿದೆ. ಅದರ ನಿರ್ಮಾಣದ ಮುಂದಾಳತ್ವ ವಹಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಗೋಳಗುಚ್ಛಗಳ ಬಿಸಿ ನಕ್ಷತ್ರಗಳ ಅಧ್ಯಯನ ಅದರ ಮುಖ್ಯ ಕೆಲಸಗಳಲ್ಲೊಂದು.

ಅವರ ಹಳೆಯ ಗಾಜಿನ ಫಲಕಗಳಿಂದ ಆಮೇಲೆ ಏನಾದರೂ ಹೊಸದು ಸಿಕ್ಕಿದ್ದುಂಟೇ?

ಉಂಟು. ಎಂ14 ಎಂಬ ಗೋಳಗುಚ್ಛದ ಚಿತ್ರಗಳನ್ನು ಹೆಲೆನ್ 1932ರಿಂದಲೇ ತೆಗೆಯುತ್ತಿದ್ದರು. 1960ರ ದಶಕದ ಆರಂಭದಲ್ಲಿ ಅವರೂ ಅಮೀಲಿಯಾ ವೆಹ್ಲೌ ಅವರೂ ಆ ಫಲಕಗಳನ್ನೆಲ್ಲ ಸಾಲಾಗಿಟ್ಟು ಚರ ನಕ್ಷತ್ರಗಳನ್ನು ಅಳೆಯುತ್ತಿದ್ದಾಗ, 1938ರ ಜೂನ್ ತಿಂಗಳ ಕೆಲವೇ ರಾತ್ರಿಗಳ ಫಲಕಗಳಲ್ಲಿ ಮಾತ್ರ ಇರುವ, ಮೊದಲೂ ಇಲ್ಲದ ನಂತರವೂ ಇಲ್ಲದ ಒಂದು ಚುಕ್ಕೆ ಕಂಡಿತು. ಅದು ನೋವಾ: ಶ್ವೇತಕುಬ್ಜವೊಂದರ (ಉರಿದು ಮುಗಿದ ನಕ್ಷತ್ರದ ದಟ್ಟ ತಿರುಳಿನ) ಮೇಲೆ ಸಂಗಾತಿ ನಕ್ಷತ್ರದಿಂದ ಬಂದು ಬಿದ್ದ ಜಲಜನಕ ಹಠಾತ್ತನೆ ಉರಿದು ಹೊಳೆದದ್ದು. ಗೋಳಗುಚ್ಛವೊಂದರಲ್ಲಿ ಅದಕ್ಕೆ ಮೊದಲು ಕಂಡಿದ್ದ ನೋವಾ ಎಂದರೆ 1860ರಲ್ಲಿ ಎಂ80ರಲ್ಲಿ ಹೊಳೆದದ್ದು ಒಂದೇ, ಮತ್ತು ಆಗ ಚಿತ್ರ ತೆಗೆದವರು ಯಾರೂ ಇರಲಿಲ್ಲ. ಹೀಗೆ ಗೋಳಗುಚ್ಛದ ನೋವಾವೊಂದರ ಮೊದಲ ಛಾಯಾಚಿತ್ರ ಹೆಲೆನ್ ಅವರ ಸಂಗ್ರಹದಲ್ಲೇ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಕಾದಿತ್ತು. 1964ರಲ್ಲಿ ಇಬ್ಬರೂ ಸೇರಿ ಅದನ್ನು ಪ್ರಕಟಿಸಿದರು.